ಕೈ ಎತ್ತಿದಾಕಿ

"ಎರಡು ಮಾತು ಆಡಬೇಕಂತ, ಹುಲಿಗೆವ್ವಾರ"
ಚೀಟಿ ತಂದು ಕೊಟ್ಟಾನ ಪುರಸಭೆ ಹುಡುಗ.
ಕುಷ್ಟಗಿಯ ಹೊಸ ಗ್ರಂಥಾಲಯಕ್ಕ
ಅಮರಗುಂಡಪ್ಪನ ಹೆಸರು ಇಡೋದೋ ಬಿಡೋದೋ
ನಾಳೆ ಹನ್ನೊಂದಕ್ಕ ತೀರ್ಮಾನ.
ಅವ ಹೋಗಿ ಒಂಬತ್ತು ತಿಂಗಳಾತು.
ಅವನ ಕಾಲದ ಸದಸ್ಯರೊಳಗ
ಇನ್ನೂ ಉಸಿರಾಡೋಳು ನಾನೊಬ್ಬಾಕಿ.

ಎರಡು ಮಾತಿನ್ಯಾಗ ಹಿಡಿಯೋ ಮನಿಷಾ ಅಲ್ಲ ಅವ.

ಎಂಬತ್ತೇಳನೇ ಇಸವಿ. ಜಿಲ್ಲಾ ಪರಿಷತ್ತು.
ಬೆಂಗಳೂರಾಗಿನ ಅಧಿಕಾರ ಇಳದು
ನಿಮ್ಮ ಅಂಗಳಕ್ಕ ಬರತೈತಿ ಅಂತ ಡಂಗುರ ಹೊಡಸಿದ್ರು.
ಬರಲಿಲ್ಲಂತಲ್ಲ, ಬಂತು.
ಮಾನ್ವಿ ಕಡೆ ಕಸ ತೆಗಿಯಾಕ ಹೋದಾಗ ನೋಡೀನಿ,
ಎಡದಂಡೆ ಕಾಲುವೆ ನೀರು ಕೊನೀ ಹೊಲಕ್ಕ ಬರತೈತಲ್ಲ, ಹಂಗ:
ಮ್ಯಾಲಿನವರು ಭತ್ತ ನಾಟಿ ಮಾಡಿ,
ಕಾಲು ತೊಳಕೊಂಡು, ಎಮ್ಮಿ ಮೈ ತಿಕ್ಕಿ
ಉಳಿದದ್ದು.
ಆ ಉಳಿದದ್ದರಾಗ ಅವ ಏನು ಬೆಳೆದ,
ಅದಷ್ಟ ಕೇಳ್ರಿ ನನ್ನ.

ಮೊದಲ ಸಭೆ, ರಾಯಚೂರು.
ಬಾಗಿಲ ಹಂತೇಕ, ಚಪ್ಪಲಿ ಬಿಡೋ ಕಡೆ
ಹಾಕಿದ್ರು ನನ್ನ ಕುರ್ಚಿ.
ಅವ ಒಳಗ ಬಂದ, ನೋಡಿದ, ಏನೂ ಅನ್ನಲಿಲ್ಲ.
ತನ್ನ ಕುರ್ಚಿ ತಾನ ಎಳಕೊಂಡು ಬಂದು
ಚಪ್ಪಲಿ ಸರಿಸಿ ಕುಂತ.
ಅಧ್ಯಕ್ಷ ಕುಂತದ್ದ ಮುಂದಿನ ಸಾಲು ಆತು.
ಅಷ್ಟೂ ಗಂಡಸರ ಕುತ್ತಿಗಿ ಹೊರಳಿದವು.
ಇದು ನಿಮ್ಮ ನಡಾವಳಿ ಪುಸ್ತಕದಾಗ ಇಲ್ಲ. ಬರಕೋರಿ.

ಹೆಬ್ಬಟ್ಟು ಒತ್ತಾಕ ಹೋದ್ರ ಮಸಿ ಡಬ್ಬಿ ಮುಚ್ಚಿದ.
"ಹು ಬರಿ ಮೊದಲು, ಉಳಿದವು ಹಿಂದ ಬರತಾವು."
ಮೂರು ತಿಂಗಳು ಬಳಪ ಹಿಡಿದೆ, ಮಗಳ ಪಾಟಿ ಮ್ಯಾಲ.

ಇನ್ನ, ಅವನ ಅಳಿಯನ ಲಾರಿಗೆ ಸಿಕ್ಕ ರಸ್ತೆಗಳು.
ತಾವರಗೇರಾ ಕಡೆ ಹೊಂಟದ್ದೊಂದು
ಹಳ್ಳದ ದಂಡೀಗೆ ನಿಂತು
ಇವತ್ತಿಗೂ ಸೇತುವಿ ಕಾಯತೈತಿ.
ಹತ್ತು ಹೊಡಿಯೋದರಾಗ ಸಾಲಿ ಬಾಗಿಲಿಗೆ ನಿಂತಿರತಿದ್ದ,
ಮಾಸ್ತರಗಳು ಬಸ್ಸು ಇಳಿದು ಓಡಿ ಬರತಿದ್ರು;
ತಮ್ಮನ ಮಗ ಒಬ್ಬ ಓಡತಿರಲಿಲ್ಲ,
ಅವನ ರಜಾ ಚೀಟಿ ಅವನಕಿಂತ ಮೊದಲ ಬಂದಿರತಿತ್ತು.

ನಾನೂರು ಬೋರಿಂಗ್ ಕೊರಸಿದ ಐದು ವರ್ಷದಾಗ.
ನಮ್ಮ ಓಣ್ಯಾಗ ನೀರು ಬಿದ್ದ ದಿನ
ನಮ್ಮತ್ತಿ ಹಿಡಿಕಿಗೆ ಕುಂಕುಮ ಹಚ್ಚಿ
ಸೆರಗು ಒಡ್ಡಿದಳು.
ಹಂಗಾರ ದೇವರಂಥಾವ ಅಂತೀರಿ.
ತಡೀರಿ.

ಒಂದು ಕಾಗದ ಬಂದಿತ್ತು, ನೀರು ಪರೀಕ್ಷಾದ್ದು, ಇಂಗ್ಲಿಷಿನ್ಯಾಗ.
ಅವ ಓದಿದ. ಕನ್ನಡಕ ತಗದು ಒರಸಿದ. ಮತ್ತ ಓದಿದ.
"ಏನೈತ್ರಿ ಅದರಾಗ?" ಅಂದೆ.
"ಉಪ್ಪು ಒಂಚೂರು ಜಾಸ್ತಿ ಐತಂತ. ಮುಂದಿನ ವಿಷಯ."
ವರದಿಯನ್ನು ಮಂಡಿಸಲಾಯಿತು, ಅವಲೋಕಿಸಲಾಯಿತು.
ಒಪ್ಪಿಗಿ ಇದ್ದವರು ಕೈ ಎತ್ರಿ.
ಎತ್ತಿದೆ.
ಕಲಿತ ಅಕ್ಷರದಾಗ ಮೊದಲ ರುಜು ಹಾಕಿದೆ ಅದಕ್ಕ,
ಹು ಲಿ ಗೆ ವ್ವ.
ಒತ್ತು ಸರಿ ಬಿತ್ತಂತ
ದಾರಿಯುದ್ದಕ್ಕೂ ಬಸ್ಸಿನ್ಯಾಗ ನಕ್ಕೊಂತ ಬಂದೆ.

ನನ್ನ ಮಗಳು ಫೋಟೋದಾಗ ಬಾಯಿ ತೆರಿಯೋದಿಲ್ಲ,
ಹಲ್ಲು ತುಕ್ಕಿನ ಬಣ್ಣ.
ದ್ಯಾಮವ್ವನ ಮಗ ನಿಂತ್ರ
ಮೊಣಕಾಲ ನಡುವ ಕರು ಹಾದು ಹೋಗತೈತಿ.

ಅವಗ ಗೊತ್ತಿತ್ತಾ? ಎಷ್ಟು?
ಬಾಯಾರಿದ ಊರಿಗೆ ಕುಡೀಬ್ಯಾಡ್ರಿ ಅನ್ನಾಕ
ಅವನ ಹಂತೇಕ ಬ್ಯಾರೆ ನೀರಿತ್ತಾ?
ಕೇಳೀನಿ, ಅವ ಬದುಕಿದ್ದಾಗ ಒಮ್ಮೆ ಅವನ್ನ ಕೇಳೀನಿ.
ಚಾ ಆರೋತನ ಸುಮ್ಮನ ಕುಂತಿದ್ದ.
ಆಮ್ಯಾಲ, "ನೀ ಯಾಕ ಎರಡನೇ ಸಲ ಕೇಳಲಿಲ್ಲ?" ಅಂದ.
ಎಷ್ಟು ಸಲ ತೂಗಾಕ ಹೋದ್ರೂ
ತಕ್ಕಡಿ ಹಿಡಿದ ಕೈ ನನ್ನದ ಇರತೈತಿ,
ಅವತ್ತು ಎತ್ತಿದ್ದ ಕೈ.

ನಾಳೆ ಹನ್ನೊಂದಕ್ಕ ಹೋಗತೀನಿ.
ಹೆಸರು ಇಡ್ರಿ, ಬ್ಯಾಡನ್ನೋದಿಲ್ಲ.
ಗ್ರಂಥಾಲಯಕ್ಕಲ್ಲ.
ನಮ್ಮ ಓಣ್ಯಾಗ ಕೆಂಪು ಬಣ್ಣ ಬಳದು
'ಕುಡಿಯಲು ಯೋಗ್ಯವಲ್ಲ' ಅಂತ ಬರದ ಬೋರಿಂಗ್ ಐತಲ್ಲ,
ಅದರ ಮ್ಯಾಲ ಬರೀರಿ.
ಕೆಳಗ ಒಂದಿಷ್ಟು ಜಾಗ ಬಿಡ್ರಿ.
ನನ್ನ ಹೆಸರು ನಾನ ಬರೀತೀನಿ.
ಕಲಿಸಿದಾತ ಅವ.